ಪಕ್ಕದ ಮನೆಯಲ್ಲಿ ಮಿಣುಕಿದ ಬಲ್ಬು: ಮಲೆನಾಡಿನ ಒಂದು ಮನೆಯ ಜನರೇಟರ್ ಮತ್ತು ಸೋಲಾರ್ ಪ್ರಕರಣ

ಗೌಡ್ರು ನನಗೆ ಫೋನ್ ಮಾಡಿದ್ದು ಸೋಲಾರ್ ಕೊಟೇಶನ್ ಕೊಡು ಅಂತ. 2024ರ ಜುಲೈ, ಪುನರ್ವಸು ಮಳೆ ಹಿಡಿದು ಕೂತಿತ್ತು. ಹೊಸನಗರ ತಾಲ್ಲೂಕಿನ ಆ ಮೂಲೆಗೆ ಮೂರು ದಿನದಿಂದ ಕರೆಂಟ್ ಇರಲಿಲ್ಲ. ಬೈಕ್ ನಿಲ್ಲಿಸಿ ದಣಪೆ ದಾಟುವಾಗಲೇ ಜನರೇಟರ್ ಸದ್ದು ಕೇಳಿಸಿತು. ಜಗಲಿ ಹತ್ತಿದ ಮೇಲೆ ಗೊತ್ತಾಯಿತು, ಸದ್ದು ಮನೆಯ ಒಳಗಿನಿಂದ ಬರುತ್ತಿದೆ.

ಕೊಟೇಶನ್ ಬರೆಯುವುದು ಮುಂದೆ ಹೋಯಿತು. ಈ ತಾಲ್ಲೂಕಿನಲ್ಲಿ ವೈರಿಂಗ್ ಗುತ್ತಿಗೆ ಮಾಡುತ್ತ ಬಂದವನಿಗೆ ಇಂಥ ಮನೆಗಳು ಹೊಸದಲ್ಲ. ಆದರೆ ಮಲೆನಾಡಿನವರು ಜನರೇಟರ್ ವಿಷಯದಲ್ಲಿ ಮಾಡುವ ತಪ್ಪುಗಳೂ, ಸೋಲಾರ್ ವಿಷಯದಲ್ಲಿ ಇಟ್ಟುಕೊಳ್ಳುವ ಹುಸಿ ನಿರೀಕ್ಷೆಯೂ ಒಂದೇ ಸೂರಿನಡಿ ಹೀಗೆ ಒಟ್ಟಿಗೆ ಕಂಡದ್ದು ಅಪರೂಪ. ಅದಕ್ಕೇ ಗೌಡ್ರ ಒಪ್ಪಿಗೆ ಕೇಳಿ, ಹೆಸರು ಊರು ಬಿಟ್ಟು ಬರೆಯುತ್ತಿದ್ದೇನೆ.

ಹಳೇ ಹೆಂಚಿನ ಮನೆ. ಗೌಡ್ರು, ಅವರ ಹೆಂಡತಿ, ಎಂಬತ್ತರ ಹತ್ತಿರದ ಅಜ್ಜಿ. ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವ ಮಗ. ಜನರೇಟರ್ 2 ಕೆವಿಎಯ ಪೆಟ್ರೋಲ್ ಸೆಟ್ಟು, ಮಗಳ ಮದುವೆಗೆಂದು ತಂದದ್ದು ಹಾಗೇ ಉಳಿದಿತ್ತು. ಮಳೆಯಲ್ಲಿ ನೆನೆಯಬಾರದೆಂದು ಅದನ್ನು ಬಚ್ಚಲಿಗೂ ಅಡುಗೆಮನೆಗೂ ನಡುವಿನ ಸೌದೆಮನೆಯಲ್ಲಿಟ್ಟಿದ್ದರು. ಸೌದೆಮನೆಯ ಇನ್ನೊಂದು ಗೋಡೆ ಅಜ್ಜಿಯ ಕೋಣೆಯದು. ವೈರು ಹಾಯಬೇಕಲ್ಲ, ನಡುವಿನ ಬಾಗಿಲು ಅರ್ಧ ತೆರೆದೇ ಇತ್ತು.

"ಹೊಗೆ ಎಲ್ಲ ಹೆಂಚಿನ ಸಂದೀಲಿ ಹೋಗ್ತದೆ ಮಾರಾಯ, ಸೌದೆ ಒಲೆ ಹೊಗೆ ಹೋಗಲ್ವಾ?" ಅಂದರು ಗೌಡ್ರು.

ಈ ಮಾತನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಹೆಂಚಿನ ಮನೆಯವರೆಲ್ಲ ಹೀಗೇ ನಂಬಿದ್ದಾರೆ. ಸೌದೆ ಹೊಗೆ ಕಣ್ಣು ಉರಿಸುತ್ತದೆ, ಕೆಮ್ಮು ತರಿಸುತ್ತದೆ, ನಾವೇ ಎದ್ದು ಬಾಗಿಲು ತೆಗೆಯುತ್ತೇವೆ. ಜನರೇಟರಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಉರಿಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಒಮ್ಮೆ ಅಂಟಿತೆಂದರೆ ಆಮ್ಲಜನಕಕ್ಕೆ ಕೂರಲು ಜಾಗ ಇರುವುದಿಲ್ಲ. ಕಾರಿನ ಸೈಲೆನ್ಸರ್ ಸಾಲಿನಲ್ಲಿ ಹೊಗೆಯನ್ನು ಸ್ವಲ್ಪವಾದರೂ ತೊಳೆಯುವ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಈ ಪುಟ್ಟ ಎಂಜಿನ್ನಿಗೆ ಅದೂ ಇಲ್ಲ. ಒಂದು ಸಣ್ಣ ಜನರೇಟರ್ ನೂರಾರು ಕಾರುಗಳಷ್ಟು ಕಾರ್ಬನ್ ಮೊನಾಕ್ಸೈಡ್ ಉಗುಳಬಲ್ಲದು ಎಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಎಚ್ಚರಿಸುತ್ತದೆ. ಹೆಂಚಿನ ಸಂದಿಯ ಮಾತಿಗೆ ಬಂದರೆ, ಮಳೆಗಾಲದಲ್ಲಿ ಇರಚಲು ಬಡಿಯುತ್ತದೆಂದು ಕಿಟಕಿಗೆಲ್ಲ ಪ್ಲಾಸ್ಟಿಕ್ ಕಟ್ಟಿರುತ್ತೇವೆ. ಅಟ್ಟದ ಹಲಗೆಯ ಕೆಳಗಿನ ಕೋಣೆಗೆ ಹೆಂಚಿನ ಸಂದಿ ಇದ್ದೂ ಇಲ್ಲದ ಹಾಗೆ.

ಅಜ್ಜಿ ಮಲಗಿದ್ದರು. ಎರಡು ದಿನದಿಂದ ತಲೆನೋವು, ಸಂಜೆ ವಾಂತಿ. ಪಿತ್ತ ಕೆರಳಿದೆ ಎಂದು ಶುಂಠಿ ಕಷಾಯ ಕೊಟ್ಟಿದ್ದರು. ಮಗ ಸುಮ್ಮನಿರಲಿಲ್ಲ, ಕೊರೊನಾ ಕಾಲದಲ್ಲಿ ತಂದಿಟ್ಟಿದ್ದ, ಬೆರಳಿಗೆ ಕ್ಲಿಪ್ ಹಾಕುವ ಆಕ್ಸಿಮೀಟರ್ ಹಾಕಿ ನೋಡಿದ್ದ. 98 ತೋರಿಸಿತ್ತು. ಆಕ್ಸಿಜನ್ ಸರಿ ಇದೆ, ಹಾಗಾದರೆ ಪಿತ್ತವೇ ಎಂದು ಎಲ್ಲರೂ ಸಮಾಧಾನ ಪಟ್ಟುಕೊಂಡಿದ್ದರು.

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಹೆದರಿಸಿದ್ದು ಆ 98. ಮಾಮೂಲಿ ಆಕ್ಸಿಮೀಟರ್ ಬೆಳಕು ಹಾಯಿಸಿ ರಕ್ತದ ಬಣ್ಣ ಓದುತ್ತದೆ. ಕಾರ್ಬನ್ ಮೊನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ ಅದರ ಕಣ್ಣಿಗೆ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಹಾಗೆಯೇ ಕಾಣುತ್ತದೆ. ವಿಷ ಏರಿದ ರಕ್ತಕ್ಕೂ ಅದು 98 ಎಂದೇ ಹೇಳೀತು. ಸಂಶಯ ಬಂದರೆ ನೋಡಬೇಕಾದ್ದು ಬೇರೆ: ಜನರೇಟರ್ ಹಾಕಿದ ಮೇಲೆ ನೋವು ಶುರುವಾಗುತ್ತದೆಯೇ, ಹೊರಗೆ ಬಂದರೆ ಇಳಿಯುತ್ತದೆಯೇ, ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಒಟ್ಟಿಗೇ ತಲೆ ಭಾರವೇ. ಕೇಳಿದಾಗ ಗೌಡ್ರ ಹೆಂಡತಿ, "ನಂಗೂ ರಾತ್ರಿ ತಲೆ ಹಿಡಿದಂಗೆ ಆಗ್ತದೆ, ಹೇಳ್ಲಿಲ್ಲ ಅಷ್ಟೆ" ಅಂದರು. ಅಜ್ಜಿಗೆ ಬೆಳಿಗ್ಗೆ ಹೊತ್ತು ಏನೂ ಇರುತ್ತಿರಲಿಲ್ಲ. ಬೆಳಿಗ್ಗೆ ಹೊತ್ತು ಜನರೇಟರೂ ಇರುತ್ತಿರಲಿಲ್ಲ.

ಗ್ಯಾಸ್ ಗೀಸರ್ ಇರುವ ಬಚ್ಚಲುಮನೆ ಪರೀಕ್ಷಿಸಲು ನನ್ನ ಚೀಲದಲ್ಲಿ ಕಾರ್ಬನ್ ಮೊನಾಕ್ಸೈಡ್ ಅಳೆಯುವ ಒಂದು ಸಿಒ ಮೀಟರ್ ಇರುತ್ತದೆ. ಅಜ್ಜಿಯ ಕೋಣೆಯಲ್ಲಿ ಹಿಡಿದೆ: 90 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 90 ಭಾಗ. ಅಂದು ಮೋಡ ಕವಿದು ಕತ್ತಲಾಗಿತ್ತೆಂದು ಬೇಗ ಹಾಕಿದ್ದರು, ಸೆಟ್ಟು ಶುರುವಾಗಿ ಆಗಿನ್ನೂ ಒಂದು ಗಂಟೆ. ಅಮೆರಿಕದ ಮಾನದಂಡದಂತೆ ಮನೆ ಬಳಕೆಯ ಅಲಾರಂ 70 ಪಿಪಿಎಂಗೆ ಒಂದರಿಂದ ನಾಲ್ಕು ಗಂಟೆಯೊಳಗೆ ಕೂಗಲೇಬೇಕು. ನಾನು ಹೋಗಿ ಜನರೇಟರ್ ಆಫ್ ಮಾಡಿದೆ. ಅಜ್ಜಿಯನ್ನು ಎತ್ತಿ ಜಗಲಿಗೆ ತಂದು, ಅಲ್ಲಿಂದ ಜೀಪಿನಲ್ಲಿ ಆಸ್ಪತ್ರೆಗೆ. ಅಲ್ಲಿ ಮಾಸ್ಕ್ ಹಾಕಿ ಆಮ್ಲಜನಕ ಕೊಟ್ಟರು. ಮಾರನೇ ದಿನ ಮನೆಗೆ ಬಂದು, ತಮ್ಮ ಕಷಾಯದಿಂದಲೇ ಕಡಿಮೆಯಾಯಿತು ಎಂದು ಅಜ್ಜಿ ಈಗಲೂ ವಾದಿಸುತ್ತಾರೆ.

ಎರಡನೇ ಅಪಾಯ ಅಜ್ಜಿಯನ್ನು ಕಳಿಸಿದ ಮೇಲೆ ಕಂಡದ್ದು. ಜನರೇಟರಿನಿಂದ ಬಂದ ವೈರು ಅಡುಗೆಮನೆಯ ಮಿಕ್ಸಿ ಸಾಕೆಟ್ಟಿಗೆ ಹೋಗಿತ್ತು. ಎರಡೂ ತುದಿಗೆ ತ್ರೀಪಿನ್ ಟಾಪ್. ಒಂದು ತುದಿ ಜನರೇಟರಿಗೆ, ಇನ್ನೊಂದು ತುದಿ ಗೋಡೆಗೆ. ಇಡೀ ಮನೆಯ ವೈರಿಂಗಿಗೆ ಹಿಂದಿನ ಬಾಗಿಲಿಂದ ಕರೆಂಟು. ಸಾಕೆಟ್ಟಿನಿಂದ ಆ ಟಾಪ್ ಜಾರಿ ಬಿದ್ದರೆ ಹೊರಗೆ ಚಾಚಿದ ಹಿತ್ತಾಳೆ ಪಿನ್ನುಗಳಲ್ಲಿ 230 ವೋಲ್ಟ್ ಇರುತ್ತದೆ. ಒದ್ದೆ ನೆಲ, ಬರಿಗಾಲು. ಇದನ್ನು ಕಟ್ಟಿಕೊಟ್ಟವರು ಯಾರೆಂದು ಕೇಳಲಿಲ್ಲ. ನಮ್ಮ ಕಸುಬಿನವರೇ ಇರಬಹುದು.

"ಮೇನ್ ಇಳಿಸಿಯೇ ಹಾಕೋದು. ಗೊತ್ತಿಲ್ದೆ ಮಾಡ್ತೀವಾ?" ಎಂದರು ಗೌಡ್ರು. ಆಗ ಮಗ ಮೆಲ್ಲಗೆ ಬಾಯಿಬಿಟ್ಟ. ಹಿಂದಿನ ರಾತ್ರಿ ಮೀಟಿಂಗ್ ಇತ್ತಂತೆ, ಅವಸರದಲ್ಲಿ ಮೇನ್ ಇಳಿಸುವುದು ಮರೆತು ಸೆಟ್ಟು ಎಳೆದಿದ್ದ. ಎಳೆದ ತಕ್ಷಣ ತೋಟದ ಆಚೆಯ ಮನೆಯಲ್ಲಿ ಬಲ್ಬು ಕೆಂಪಗೆ ಮಿಣುಕಿತು, "ಕರೆಂಟ್ ಬಂತು!" ಎಂದು ಮಕ್ಕಳು ಕೂಗಿದ್ದು ಇಲ್ಲಿಗೆ ಕೇಳಿಸಿತು. ಮರುಕ್ಷಣ ಜನರೇಟರ್ ಗೊಗ್ಗರು ದನಿಯಲ್ಲಿ ಮುಕ್ಕರಿಸಿ ಬ್ರೇಕರ್ ಬಿತ್ತು. ಅಷ್ಟು ಮನೆಯ ಲೋಡು ಎರಡು ಕೆವಿಎಗೆ ತಡೆಯುತ್ತದೆಯೇ?

ಹಾಗೆ ಬಿದ್ದದ್ದೇ ಪುಣ್ಯ. ಸಾಮಾನ್ಯವಾಗಿ ಸಣ್ಣ ಸೆಟ್ಟು ಊರಿನ ಲೋಡಿಗೆ ಉಸಿರುಗಟ್ಟಿ ನಿಲ್ಲುತ್ತದೆ. ಆದರೆ ನಮ್ಮಲ್ಲಿ ಕರೆಂಟ್ ಹೋಗುವುದೇ ಮರ ಬಿದ್ದು ತಂತಿ ಹರಿದು. ಮನೆಯ ಪಕ್ಕದಲ್ಲೇ ಹರಿದಿದ್ದರೆ ಆಚೆ ಲೋಡೇ ಇರುವುದಿಲ್ಲ. ಜನರೇಟರ್ ಆರಾಮಾಗಿ ಓಡುತ್ತದೆ, ಗದ್ದೆಯಲ್ಲಿ ಬಿದ್ದ ತಂತಿಗೆ ಜೀವ ಬರುತ್ತದೆ. ಲೋಡು ಇಲ್ಲದೆ ಟಿಸಿಯವರೆಗೂ (ಟ್ರಾನ್ಸ್‌ಫಾರ್ಮರ್) ಹೋಯಿತೆಂದರೆ ಇನ್ನೂ ಕೆಟ್ಟದ್ದು. ಟಿಸಿ 11 ಸಾವಿರ ವೋಲ್ಟನ್ನು ಇಳಿಸುವ ಯಂತ್ರ, ಹಿಂದಿನಿಂದ ಕೊಟ್ಟರೆ ಅದೇ ಏರಿಸುವ ಯಂತ್ರ. ಮೇಲಿನ ತಂತಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟಬಹುದು. ಲೈನ್ ಕ್ಲಿಯರ್ ತಗೊಂಡು, ಸ್ವಿಚ್ ತೆಗೆಸಿ, ಜಿಟಿಜಿಟಿ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್‌ಗೆ ಸಬ್‌ಸ್ಟೇಷನ್ ಕಡೆಯಿಂದ ಕರೆಂಟು ಬರುವುದಿಲ್ಲ ಎಂದು ಗೊತ್ತು. ಗೌಡ್ರ ಮಿಕ್ಸಿ ಸಾಕೆಟ್ಟಿನಿಂದ ಬರುತ್ತದೆಂದು ಅವನಿಗೆ ಯಾರು ಹೇಳಬೇಕು? ಮಗ ಹಾಗೆ ಸೆಟ್ಟು ಎಳೆದದ್ದು ರಾತ್ರಿ. ಬೆಳಿಗ್ಗೆ ಎಂಟಕ್ಕೆ ಅದೇ ಲೈನಿನ ಮೇಲೆ ಇಬ್ಬರು ಕೆಲಸ ಮಾಡುತ್ತಿದ್ದರು. ಅದರಲ್ಲೊಬ್ಬ ಗೌಡ್ರ ಮನೆಯಲ್ಲೇ ಕಾಫಿ ಕುಡಿದು ಹೋಗುವವನು. ಇದನ್ನು ಹೇಳಿದ ಮೇಲೆ ಗೌಡ್ರು ತುಂಬ ಹೊತ್ತು ಮಾತಾಡಲಿಲ್ಲ. ಆ ವೈರನ್ನು ಅವರೇ ಕತ್ತಿ ತಂದು ನಡುವಿಗೆ ಕಡಿದರು.

ಮಾಡಿದ ಕೆಲಸ ದೊಡ್ಡದೇನಲ್ಲ, ಎರಡು ದಿನದ್ದು. ಮನೆಯಿಂದ 25 ಅಡಿ ದೂರಕ್ಕೆ, ಮೂಡಲ ಕಡೆ, ನಾಲ್ಕು ಕಂಬ ನಿಲ್ಲಿಸಿ ತಗಡು ಹೊದಿಸಿದೆವು, ಗೋಡೆ ಬೇಡ. ಕನಿಷ್ಠ 20 ಅಡಿ ಎಂಬುದು ಸಾಮಾನ್ಯ ಸಲಹೆ. ಮೂಡಲೇ ಯಾಕೆಂದರೆ ನಮ್ಮ ಮಳೆಗಾಲದ ಗಾಳಿ ಪಡುವಣದಿಂದ ಬರುತ್ತದೆ, ಹೊಗೆ ಮನೆಯಿಂದ ಆಚೆಗೇ ಹೋಗಲಿ ಎಂದು. ಸೈಲೆನ್ಸರ್ ಬಾಯಿಯೂ ಆಚೆಗೆ. ಕೆಳಗೆ ಒಂದಡಿ ಎತ್ತರದ ಕಟ್ಟೆ. ಅಲ್ಲಿಂದ ಮೀಟರ್ ಬೋರ್ಡಿಗೆ ಪೈಪಿನೊಳಗೆ ಕೇಬಲ್, ಬೋರ್ಡಿನಲ್ಲಿ ಎರಡು ಪೋಲಿನ ಚೇಂಜ್ ಓವರ್ ಸ್ವಿಚ್. ಹಿಡಿ ಮೇಲಿದ್ದರೆ ಲೈನು, ಕೆಳಗಿದ್ದರೆ ಜನರೇಟರು, ನಡುವೆ ಎರಡೂ ಇಲ್ಲ. ಎರಡೂ ಒಟ್ಟಿಗೆ ಸೇರಲು ಅದರ ಯಂತ್ರವೇ ಬಿಡುವುದಿಲ್ಲ. ಮೇನ್ ಇಳಿಸುವುದು ನೆನಪಿನ ಮಾತು. ನೆನಪನ್ನು ನಂಬಿ ವೈರಿಂಗ್ ಮಾಡಬಾರದು. ಫೇಸಿನ ಜೊತೆ ನ್ಯೂಟ್ರಲ್ಲೂ ಕಡಿಯಬೇಕು, ಒಂದೇ ಪೋಲಿನದು ಸಾಲದು.

ಇಲ್ಲಿ ಒಂದು ಸಿಕ್ಕು ಇದೆ. ಕಸುಬಿನವರು ಕೂಡ ಇದರಲ್ಲಿ ಎಡವುತ್ತಾರೆ, ಹಾಗಾಗಿ ಸ್ವಲ್ಪ ನಿಲ್ಲುತ್ತೇನೆ. ಮನೆಯಲ್ಲಿ ಆರ್‌ಸಿಸಿಬಿ ಇತ್ತು. ಶಾಕ್ ಹೊಡೆದರೆ ತಾನೇ ಬೀಳುವ ಸ್ವಿಚ್ಚು. ಜನರೇಟರ್ ಮೇಲೆ ಓಡುವಾಗ ಅದರ ಟೆಸ್ಟ್ ಬಟನ್ ಒತ್ತಿದೆ, ಬಿತ್ತು. ಸರಿ ಇದೆ ಅಂತ ಬಿಡುವ ಹಾಗಿಲ್ಲ. ಟೆಸ್ಟ್ ಬಟನ್ ಫೇಸು ನ್ಯೂಟ್ರಲ್ ನಡುವೆಯೇ ಸ್ವಲ್ಪ ಕರೆಂಟು ಹಾಯಿಸುತ್ತದೆ, ಭೂಮಿಯ ಗೊಡವೆ ಅದಕ್ಕಿಲ್ಲ. ಆದರೆ ಮನುಷ್ಯನಿಗೆ ಶಾಕ್ ಹೊಡೆಯುವುದು ಭೂಮಿಯ ದಾರಿಯಲ್ಲಿ. ಕರೆಂಟ್ ಕಂಪನಿಯ ಲೈನಿನಲ್ಲಿ ನ್ಯೂಟ್ರಲ್ಲನ್ನು ಟಿಸಿಯಲ್ಲಿ ಭೂಮಿಗೆ ಕಟ್ಟಿರುತ್ತಾರೆ. ಸಣ್ಣ ಜನರೇಟರಿನ ನ್ಯೂಟ್ರಲ್ ಹೆಚ್ಚಾಗಿ ಎಲ್ಲಿಗೂ ಕಟ್ಟದೆ ತೇಲುತ್ತಿರುತ್ತದೆ. ಎರಡು ಪೋಲಿನ ಸ್ವಿಚ್ಚು ಹಾಕಿ ಟಿಸಿಯ ನ್ಯೂಟ್ರಲ್ಲನ್ನು ಬಿಡಿಸಿದ ಮೇಲೆ, ಒಂದು ಉಪಕರಣದ ಮೈಗೆ ಫೇಸು ತಗುಲಿದರೂ ಆರ್‌ಸಿಸಿಬಿಗೆ ಗೊತ್ತಾಗುವುದಿಲ್ಲ. ಜನರೇಟರಿನ ಪಕ್ಕದಲ್ಲೇ ಒಂದು ಅರ್ಥಿಂಗ್ ಗುಂಡಿ ತೆಗೆದು, ಸೆಟ್ಟಿನ ಮೈಯನ್ನೂ ನ್ಯೂಟ್ರಲ್ಲನ್ನೂ ಅಲ್ಲಿಗೆ ಕಟ್ಟಿದೆವು. ಆಮೇಲೆ ಫೇಸಿಗೂ ಅರ್ಥಿಗೂ ನಡುವೆ ಟೆಸ್ಟ್ ಲ್ಯಾಂಪ್ ಹಿಡಿದಾಗ ಆರ್‌ಸಿಸಿಬಿ ಪಟ್ಟನೆ ಬಿತ್ತು.

ಪೆಟ್ರೋಲ್ ಕ್ಯಾನು ಒಲೆಯಿಂದ ಆರಡಿಯಲ್ಲಿತ್ತು, ಅದನ್ನೂ ಆಚೆ ಸಾಗಿಸಿದೆ. ಓಡುವ ಸೆಟ್ಟಿಗೆ ಪೆಟ್ರೋಲ್ ಹುಯ್ಯಬಾರದು. ಆರಿಸಿ, ಕಾಲು ಗಂಟೆ ತಣಿಯಲು ಬಿಟ್ಟು ಹುಯ್ಯಬೇಕು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆಸಿರುತ್ತಾರೆ, ಅದು ನಮ್ಮ ಮಳೆಗಾಲದ ತೇವವನ್ನು ಹೀರಿಕೊಳ್ಳುತ್ತದೆ. ಹೋದ ವರ್ಷದ ಪೆಟ್ರೋಲ್ ಟ್ಯಾಂಕಿನಲ್ಲೇ ಬಿಟ್ಟರೆ ಬೇಕಾದ ದಿನ ಸೆಟ್ಟು ಎದ್ದೇಳುವುದಿಲ್ಲ.

ಇನ್ನು ಸೋಲಾರ್.

ಗೌಡ್ರ ಲೆಕ್ಕ ಸರಳವಾಗಿತ್ತು. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಬ್ಸಿಡಿ. ಮೂರು ಕಿಲೋವ್ಯಾಟ್ ಹಾಕಿಸಿದರೆ ಕರೆಂಟ್ ಹೋದಾಗಲೂ ದೀಪ, ಜನರೇಟರ್ ಮಾರಬಹುದು. ಒಬ್ಬ ಮಾರಾಟಗಾರ ಹಾಗೆಂದೇ ಹೇಳಿಯೂ ಹೋಗಿದ್ದ.

ಸುಳ್ಳು. ಸಬ್ಸಿಡಿಯಲ್ಲಿ ಸಾಮಾನ್ಯವಾಗಿ ಹಾಕುವುದು ಬ್ಯಾಟರಿ ಇಲ್ಲದ, ಗ್ರಿಡ್ಡಿಗೆ ಅಂದರೆ ಕರೆಂಟ್ ಕಂಪನಿಯ ಲೈನಿಗೆ ಜೋಡಿಸಿದ ಸೋಲಾರ್. ಲೈನಿನಲ್ಲಿ ಕರೆಂಟ್ ಹೋಯಿತೆಂದರೆ ಅದರ ಇನ್ವರ್ಟರ್ ಎರಡು ಸೆಕೆಂಡಿನೊಳಗೆ ತಾನೂ ನಿಲ್ಲಬೇಕು. ನಡು ಮಧ್ಯಾಹ್ನ ಬಿಸಿಲು ಕಾದು ಪ್ಯಾನೆಲ್ ಮುಟ್ಟಲಾಗದಷ್ಟು ಬಿಸಿಯಾಗಿದ್ದರೂ ಮನೆಯಲ್ಲಿ ಕತ್ತಲೆ. ಗೌಡ್ರಿಗೆ ಇದು ಮೋಸದ ಹಾಗೆ ಕಂಡಿತು. ಯಾಕೆ ಹೀಗೆ ಎಂದು ಕೇಳಿದರು. ನಾನು ತೋಟದ ಆಚೆಯ ಮನೆಯ ಬಲ್ಬನ್ನು ತೋರಿಸಿದೆ. ಅದೇ ಕಾರಣ: ಸೋಲಾರ್ ನಿಲ್ಲದಿದ್ದರೆ ಅದೂ ಹರಿದ ತಂತಿಗೆ ಕರೆಂಟು ತುಂಬುತ್ತದೆ, ಕಂಬದ ಮೇಲೆ ಅದೇ ಲೈನ್‌ಮನ್ ಇರುತ್ತಾನೆ. ಜನರೇಟರಿನಲ್ಲಿ ಮನುಷ್ಯ ಮಾಡಬೇಕಾದ ಕೆಲಸವನ್ನು ಇಲ್ಲಿ ಇನ್ವರ್ಟರೇ ಮಾಡುತ್ತದೆ. ಗೌಡ್ರಿಗೆ ಅಲ್ಲಿಂದ ಮುಂದೆ ವಿವರಿಸುವುದು ಉಳಿಯಲಿಲ್ಲ.

ದುಡ್ಡಿನ ಲೆಕ್ಕವೂ ಅವರು ಅಂದುಕೊಂಡ ಹಾಗಿರಲಿಲ್ಲ. ಮನೆಯ ಬಳಕೆ ತಿಂಗಳಿಗೆ 90 ಯೂನಿಟ್ ಸುತ್ತಮುತ್ತ. 2023ರಿಂದ ಗೃಹಜ್ಯೋತಿಯಲ್ಲಿ ಅದರ ಬಿಲ್ಲು ಸೊನ್ನೆ. ತೋಟದ ಪಂಪ್‌ಸೆಟ್ಟಿಗೆ 10 ಎಚ್.ಪಿ. ವರೆಗೆ ಮೊದಲಿಂದಲೂ ಉಚಿತ. ಸೊನ್ನೆ ಬಿಲ್ಲಿನ ಮನೆಗೆ ಬಿಲ್ಲು ಉಳಿಸುವ ಸೋಲಾರ್ ಮಾರುವುದು ಬೋಳುತಲೆಗೆ ಬಾಚಣಿಗೆ ಮಾರಿದ ಹಾಗೆ. ಗೌಡ್ರಿಗೆ ಬೇಕಾದ್ದು ಅಗ್ಗದ ಕರೆಂಟಲ್ಲ, ಪುನರ್ವಸು ಪುಷ್ಯ ಮಳೆಯ ಮೂರ್ನಾಲ್ಕು ದಿನದ ಕರೆಂಟು. ವಾರಾಹಿ ಜಲವಿದ್ಯುತ್ ಯೋಜನೆಗೆ ಮಾಣಿಯಲ್ಲಿ ನೀರು ಕಟ್ಟಿದ ತಾಲ್ಲೂಕಿನಲ್ಲಿ ಕೂತು ಈ ಮಾತು ಬರೆಯಬೇಕಾದದ್ದು ಬೇರೆ ಸಂಕಟ, ಅದಿರಲಿ.

ಆಗ ಜನರೇಟರಿನ ನಿಜವಾದ ಖರ್ಚು ಕೂಡಿಸಿದೆವು. ಸಂಜೆ ಆರರಿಂದ ಹತ್ತರವರೆಗೆ ದೀಪ, ಫ್ರಿಜ್, ಟಿವಿ, ವೈಫೈ ಸೇರಿ ಸರಾಸರಿ 280 ವ್ಯಾಟ್. ನಾಲ್ಕು ಗಂಟೆಗೆ 1.1 ಯೂನಿಟ್. ಐದು ಲೀಟರ್ ಕ್ಯಾನು ಎರಡು ಸಂಜೆಗೆ ಖಾಲಿ. ಲೀಟರಿಗೆ 103 ರೂಪಾಯಿ ಹಿಡಿದರೆ ಯೂನಿಟ್ಟಿಗೆ 230 ರೂಪಾಯಿ ಮೇಲೆ. ದೊಡ್ಡ ಎಂಜಿನ್ ಮೇಲೆ ಚಿಟಿಕೆ ಲೋಡು ಹಾಕಿದರೆ ಹೀಗೇ. ಎಂಜಿನ್ ತನ್ನನ್ನು ತಾನು ತಿರುಗಿಸಿಕೊಳ್ಳುವುದಕ್ಕೇ ಬಹುಪಾಲು ಪೆಟ್ರೋಲ್ ಸುಡುತ್ತದೆ. ಅದೇ ಸೆಟ್ಟಿನ ಮೇಲೆ 1,200 ವ್ಯಾಟ್ ಹೇರಿದರೆ ಗಂಟೆಗೆ ಒಂದು ಲೀಟರ್ ಆಸುಪಾಸು, ಯೂನಿಟ್ಟಿಗೆ 80–90 ರೂಪಾಯಿಗೆ ಇಳಿಯುತ್ತದೆ.

ಈ ಲೆಕ್ಕದಿಂದಲೇ ದಾರಿ ಹೊಳೆಯಿತು. ಬ್ಯಾಟರಿ ಇರುವ ಹೈಬ್ರಿಡ್ ಸೋಲಾರ್ ಹಾಕುವುದು, ಜನರೇಟರನ್ನು ಮಾರದೆ ಉಳಿಸುವುದು, ಮೋಡ ಬಿಡದ ದಿನ ಅದನ್ನು ಎರಡೇ ಗಂಟೆ ತುಂಬು ಲೋಡಿನಲ್ಲಿ ಓಡಿಸಿ ಬ್ಯಾಟರಿ ತುಂಬುವುದು. ಹೈಬ್ರಿಡ್ ಇನ್ವರ್ಟರ್ ಕರೆಂಟ್ ಹೋದಾಗ ಲೈನಿನಿಂದ ಬೇರ್ಪಟ್ಟು ಮನೆಯ ಒಂದು ಭಾಗವನ್ನಷ್ಟೇ ನಡೆಸುತ್ತದೆ. ಲೈನ್‌ಮನ್‌ಗೂ ಅಪಾಯವಿಲ್ಲ, ಮನೆಗೂ ದೀಪ. ಬ್ಯಾಟರಿಗೆ ಸಬ್ಸಿಡಿ ಸಿಗುವುದಿಲ್ಲ, ಪ್ಯಾನೆಲ್ ಭಾಗಕ್ಕೆ ಮಾತ್ರ. ಸಬ್ಸಿಡಿಯೂ ಮೊದಲು ಕೈಗೆ ಬರುವುದಲ್ಲ. ಕೆಲಸ ಮುಗಿದು, ಮೀಟರ್ ಕೂತು, ಪರಿಶೀಲನೆಯಾದ ಮೇಲೆ ಖಾತೆಗೆ.

ಪಂಪು ಬಿಟ್ಟರೆ ಮನೆಗೆ ದಿನಕ್ಕೆ ಎರಡೂವರೆ ಯೂನಿಟ್ ಬೇಕು. ಅದರಲ್ಲಿ ಫ್ರಿಜ್ಜೇ ಒಂದು ಯೂನಿಟ್, ಹಗಲೂ ರಾತ್ರಿ ಉರಿಯುವ ವೈಫೈ ಅರ್ಧ. 5 ಕಿಲೋವ್ಯಾಟ್ ಅವರ್‌ನ (ಅಂದರೆ ಐದು ಯೂನಿಟ್ಟಿನ) ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ನಾಲ್ಕೂವರೆ ಯೂನಿಟ್ ತೆಗೆಯಬಹುದು. ಅಂಗಡಿಯಲ್ಲಿ ಸಿಗುವ 150 ಎಎಚ್ ಟ್ಯೂಬುಲರ್ ಬ್ಯಾಟರಿಯಲ್ಲಿ 1.8 ಯೂನಿಟ್ ಎಂದು ಲೆಕ್ಕ ಬಂದರೂ ಬಾಳಿಕೆ ಬೇಕಾದರೆ ಅರ್ಧವನ್ನಷ್ಟೇ ಬಳಸಬೇಕು, ಡಿಸ್ಟಿಲ್ಡ್ ವಾಟರ್ ಹಾಕುತ್ತಿರಬೇಕು. ಅಗ್ಗ ಹೌದು, ಆದರೆ ಈ ಮನೆಗೆ ನಾಲ್ಕು ಬೇಕಾಗುತ್ತಿತ್ತು.

ಮೂರು ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ 12 ಯೂನಿಟ್ ಕೊಡುತ್ತದೆ ಎಂದು ಎಲ್ಲ ಕೊಟೇಶನ್‌ಗಳೂ ಬರೆಯುತ್ತವೆ. ಬಯಲುಸೀಮೆಗೆ ಸರಿ. ನಮ್ಮ ಜುಲೈಗೆ ನಾನು ಅದರ ಅರ್ಧ ಹಿಡಿಯುತ್ತೇನೆ, ಕಾರ್ಮೋಡದ ದಿನಕ್ಕೆ ಒಂದೂವರೆ. ಅರ್ಥಾತ್ ಅತ್ಯಂತ ಬೇಕಾದ ದಿನವೇ ಅತ್ಯಂತ ಕಡಿಮೆ. ಜನರೇಟರ್ ಮಾರಬೇಡಿ ಎಂದದ್ದು ಇದಕ್ಕೇ.

ಹೆಂಚಿನ ಮೇಲೆ ಪ್ಯಾನೆಲ್ ಹಾಕಲು ನನಗೆ ಮನಸ್ಸು ಬರಲಿಲ್ಲ. ಒಂದೊಂದು 27–28 ಕೆ.ಜಿ.ಯ ಆರು ಪ್ಯಾನೆಲ್, ಹಳೇ ಪಕಾಸು, ಕಾಲಿಟ್ಟಲ್ಲೆಲ್ಲ ಒಡೆಯುವ ಹೆಂಚು, ಮೇಲಿಂದ ಮಂಗಗಳ ಕಾಟ. ಕೊಟ್ಟಿಗೆಯ ಆರ್‌ಸಿಸಿ ತಾರಸಿ ಇತ್ತು, ಅಲ್ಲೇ ತೆಂಕಣಕ್ಕೆ ಮುಖ ಮಾಡಿ ಕೂರಿಸಿದೆವು. ಪ್ಯಾನೆಲ್ ಕಡೆಗೆ, ಮನೆಯ ಕಡೆಗೆ, ಸಿಡಿಲು ತಡೆಗೆ ಎಂದು ಮೂರು ಅರ್ಥಿಂಗ್ ಗುಂಡಿ, ಎರಡೂ ಕಡೆ ದಿಢೀರ್ ಏರುವ ವೋಲ್ಟೇಜ್ ತಡೆಯುವ ಸರ್ಜ್ ಪ್ರೊಟೆಕ್ಟರ್. ಏಪ್ರಿಲ್ ಮೇ ತಿಂಗಳ ಗುಡುಗು ಕಂಡವರಿಗೆ ಇದರಲ್ಲಿ ಉಳಿತಾಯ ಮಾಡಬೇಡಿ ಎಂದು ಹೇಳಬೇಕಾಗಿಲ್ಲ.

ಜೋಡಣೆಯಲ್ಲಿ ಒಂದು ಎಚ್ಚರ. ಜನರೇಟರಿನ ವೈರನ್ನು ಇನ್ವರ್ಟರಿನ ಗ್ರಿಡ್ ಬಾಯಿಗೆ ಕೊಟ್ಟರೆ, ಇನ್ವರ್ಟರ್ ಅದನ್ನೇ ಲೈನು ಎಂದು ತಿಳಿದು ಸೋಲಾರ್ ಕರೆಂಟನ್ನು ಜನರೇಟರಿಗೆ ತುರುಕಲು ಹೋಗಬಹುದು, ಸೆಟ್ಟು ಸುಟ್ಟುಹೋದೀತು. ಜನರೇಟರಿಗೆಂದೇ ಬೇರೆ ಬಾಯಿ ಇರುವ ಇನ್ವರ್ಟರ್ ಆರಿಸಿದೆವು. ಅದೂ ಮೊದಲ ದಿನ ಗೌಡ್ರ ಸೆಟ್ಟನ್ನು ಒಪ್ಪಲಿಲ್ಲ, ಎಂಜಿನ್ ವೇಗ ಏರಿಳಿಯುತ್ತಿದ್ದರಿಂದ ಫ್ರೀಕ್ವೆನ್ಸಿ 50 ಹರ್ಟ್ಜ್‌ನಲ್ಲಿ ನಿಲ್ಲುತ್ತಿರಲಿಲ್ಲ. ಕಾರ್ಬ್ಯುರೇಟರ್ ತೊಳೆದು, ಎಂಜಿನ್ ವೇಗ ಹಿಡಿದಿಡುವ ಗವರ್ನರ್ ಸರಿಮಾಡಿಸಿದ ಮೇಲೆ ಒಪ್ಪಿತು. ನೀರಿನ ಪಂಪನ್ನು ಬ್ಯಾಟರಿ ಸಾಲಿಗೆ ಸೇರಿಸಲೇ ಇಲ್ಲ, ಒಂದು ಎಚ್.ಪಿ. ಮೋಟಾರು ಏಳುವ ಗಳಿಗೆಯಲ್ಲಿ ಓಡುವಾಗಿನ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಮೇಲಿನ ಟ್ಯಾಂಕಿಗೆ ಮಳೆನೀರು ಹಾಯಿಸಿದರೆ ಆ ತಿಂಗಳು ಪಂಪಿನ ಅಗತ್ಯವೂ ಇಲ್ಲ.

ಒಟ್ಟು ಖರ್ಚು ಸಬ್ಸಿಡಿ ಕಳೆದು ಎರಡೂಮುಕ್ಕಾಲು ಲಕ್ಷ ಮುಟ್ಟಿತು. ಪೆಟ್ರೋಲ್ ಉಳಿತಾಯದಿಂದ ಈ ದುಡ್ಡು ವಾಪಸ್ ಬರುವುದಿಲ್ಲ ಎಂದು ಕೊಟೇಶನ್ನಿನ ಕೆಳಗೇ ಬರೆದುಕೊಟ್ಟಿದ್ದೆ. ಮಗ ಮನೆಯಲ್ಲೇ ಇದ್ದು ಕೆಲಸ ಮಾಡಬಹುದು ಎಂಬ ಒಂದೇ ಕಾರಣಕ್ಕೆ ಗೌಡ್ರು ಒಪ್ಪಿದರು.

2025ರ ಮಳೆಗಾಲದಲ್ಲಿ ಅಲ್ಲಿ ಒಮ್ಮೆ ಐದು ದಿನ ಕರೆಂಟ್ ಇರಲಿಲ್ಲ. ಜನರೇಟರ್ ಮೂರು ಸಲ, ಎರಡೆರಡು ಗಂಟೆ ಓಡಿತು. ನಾಲ್ಕನೇ ದಿನ ಫ್ರಿಜ್ ಬಂದ್ ಮಾಡಬೇಕಾಯಿತು. ಅಜ್ಜಿಯ ಕೋಣೆಯಲ್ಲಿ ಸಿಒ ಅಲಾರಂ ತೂಗುಹಾಕಿದ್ದೇವೆ, ಇನ್ನೂ ಕೂಗಿಲ್ಲ. ಲೈನ್‌ಮನ್ ಬಂದವನು ಕಂಬ ಹತ್ತುವ ಮೊದಲು ಗೌಡ್ರ ಬೋರ್ಡಿನ ಹಿಡಿ ಎಲ್ಲಿದೆ ಎಂದು ತಾನೇ ನೋಡಿ ಹೋದನಂತೆ.

ಬಾಕಿ ಉಳಿದಿರುವುದು ಕೊಟ್ಟಿಗೆಯ ಪಡುವಣದ ಹಲಸಿನ ಮರ. ಮೂರು ಗಂಟೆಯ ಮೇಲೆ ಅದರ ನೆರಳು ಕೊನೆಯ ಎರಡು ಪ್ಯಾನೆಲ್ ಮೇಲೆ ಬೀಳುತ್ತದೆ, ಇಡೀ ಸಾಲು ಮಂಕಾಗುತ್ತದೆ. ಎರಡು ಕೊಂಬೆ ಕಡಿದರೆ ಸಾಕು ಎಂದು ನಾನು ಎರಡು ಸಲ ಹೇಳಿಯಾಯಿತು. ಅದು ಚಂದ್ರಬಕ್ಕೆ, ತನ್ನ ಮಾವ ನೆಟ್ಟದ್ದು, ಬಿಸಿಲು ಬೇಕಾದರೆ ಪ್ಯಾನೆಲ್ಲೇ ಈಚೆ ಸರಿಯಲಿ ಎಂದು ಅಜ್ಜಿ ಹೇಳಿ ಕಳಿಸಿದ್ದಾರೆ.